ಗೋಲು ವ್ಯತ್ಯಾಸ

ಸೊನ್ನೆಗಿಂತ ಕಡಿಮೆ ಏನಾದರೂ ಇರುತ್ತದೆಯೇ ಸರ್,
ಕೇಳಿದವನು ಲೋಕು. ಫೋರ್ಟಿನ ರಾತ್ರಿಶಾಲೆ,
ಎಂಟನೇ ಇಯತ್ತೆ, ಎಪ್ಪತ್ತೊಂದನೇ ಇಸವಿ.
ಪ್ಲೇಟು ತೊಳೆದು ತೊಳೆದು ಬೆಳ್ಳಗೆ ಸುಕ್ಕಾದ ಬೆರಳು,
ಅಂಗಿಗೆ ಸಾಂಬಾರಿನ ವಾಸನೆ, ರೆಪ್ಪೆಗೆ ನಿದ್ದೆ.

ಬಂಗೇರ ಮಾಸ್ತರು ಹಗಲು ಡಾಕಿನಲ್ಲಿ ಗುಮಾಸ್ತ.
ಅಂಗೈಯಲ್ಲೇ ಹಲಗೆ ಒರೆಸಿ ಗೆರೆ ಎಳೆದರು:
ಆಡಿದ್ದು, ಗೆದ್ದದ್ದು, ಸಮ, ಸೋತದ್ದು,
ಹೊಡೆದದ್ದು, ತಿಂದದ್ದು.
"ಹೊಡೆದದ್ದು ಎರಡು, ತಿಂದದ್ದು ಏಳು.
ಈಗ ನಿನ್ನ ತಂಡದ ಹತ್ತಿರ ಎಷ್ಟಿದೆ, ಹೇಳು."
ಲೋಕು ತಲೆ ಕೆರೆದ. "ಐದು ಸಾಲ ಇದೆ ಸರ್."
ಋಣಸಂಖ್ಯೆಯ ಪಾಠ ಅಲ್ಲಿಗೇ ಮುಗಿಯಿತು.

ಆ ವರ್ಷ ಬ್ಯಾಂಕಾಕಿನಲ್ಲಿ ಏಷ್ಯಾದ ಕ್ಲಬ್ಬುಗಳ ಕಪ್ಪು.
ದೇಶಗಳದ್ದಲ್ಲ, ಮಾಸ್ತರು ಒತ್ತಿ ಹೇಳುವರು, ಕ್ಲಬ್ಬುಗಳದ್ದು:
ಒಂದು ಪೊಲೀಸರ ತಂಡ, ಒಂದು ಸೈನ್ಯದ್ದು, ಒಂದು ಬ್ಯಾಂಕಿನದು.
"ಹೋಟೆಲಿನವರದ್ದು?" ಅಂದ ಬೂಬ. ನಾವು ನಕ್ಕೆವು.
ಮಾಸ್ತರು ನಗಲಿಲ್ಲ. ಹಲಗೆಯ ಮೂಲೆಯಲ್ಲಿ ನಾಲ್ಕು ಹೋಟೆಲಿನ ಹೆಸರು ಬರೆದು
ಸುತ್ತ ಚೌಕ ಹಾಕಿದರು. ಗುಂಪು ಅ.
ಹಾಗೆ ನಾವು ಆಡಿದೆವು, ಸೋಮವಾರ ಮೂರರಿಂದ ನಾಲ್ಕು,
ಊಟ ಮುಗಿದು ಚಹಾ ಕುದಿಯುವ ಮೊದಲು,
ಆಜಾದ್ ಮೈದಾನದ ಬರಿಗಾಲು ಸುಡುವ ಮೂಲೆಯಲ್ಲಿ.
ಗುಂಪು ಆ ಇರಲೇ ಇಲ್ಲ.

ಫೈನಲ್ಲಿನ ಸುದ್ದಿ ಮಾಸ್ತರು ಪೇಪರಿನಲ್ಲಿ ಓದಿ ಹೇಳಿದರು.
ಬಾಗ್ದಾದಿನ ಪೊಲೀಸರು ಆಡಲು ಒಪ್ಪಲಿಲ್ಲವಂತೆ,
ಎದುರಾಳಿಯ ದೇಶವನ್ನು ದೇಶವೆಂದೇ ಒಪ್ಪದವರು.
ಚೆಂಡು ಕದಲದೆ ಕಪ್ಪು ಟೆಲ್ ಅವೀವಿಗೆ ಹೋಯಿತು.
"ಇದನ್ನು ಯಾವ ಮನೆಯಲ್ಲಿ ಬರೆಯುವುದು ಸರ್?"
ಸೀಮೆಸುಣ್ಣ ಸ್ವಲ್ಪ ಹೊತ್ತು ಗಾಳಿಯಲ್ಲೇ ನಿಂತಿತ್ತು.

ಆಮೇಲೆ ಹದಿನಾಲ್ಕು ವರ್ಷ ಆ ಕಪ್ಪೇ ಇರಲಿಲ್ಲ.
ಅಷ್ಟರಲ್ಲಿ ಲೋಕು ದುಬೈಗೆ ಹೋದ, ಬೂಬ ಕಾಮಾಲೆಗೆ,
ನಾನು ಗಲ್ಲಾಪೆಟ್ಟಿಗೆಗೆ.

ಕಪ್ಪು ಮರಳಿತು, ಹೆಸರು ಬದಲಾಯಿತು, ಮತ್ತೆ ಬದಲಾಯಿತು.
ಒಂದು ದಿನ ಪೇಪರಿನಲ್ಲಿ ನಿಯಮ ಓದಿದೆ:
ಮನೆಯಲ್ಲೊಂದು ಪಂದ್ಯ, ಹೊರಗೊಂದು;
ಲೆಕ್ಕ ಸಮವಾದರೆ ಪರರ ಅಂಗಳದಲ್ಲಿ ಹೊಡೆದ ಗೋಲಿಗೆ
ಹೆಚ್ಚು ತೂಕ.
ಕತ್ತರಿಸಿ ಗಲ್ಲಾದ ಗೋಡೆಗೆ ಅಂಟಿಸಿದೆ, ಲಕ್ಷ್ಮಿಯ ಪಕ್ಕ.
ಹತ್ತು ವರ್ಷ ಊದಿನಕಡ್ಡಿಯ ಹೊಗೆ ಕುಡಿದು
ಅಕ್ಷರವೆಲ್ಲ ಚಹಾದ ಬಣ್ಣವಾಯಿತು.

"ಆ ನಿಯಮ ಈಗ ತೆಗೆದಿದ್ದಾರೆ ಅಜ್ಜ," ಅಂದಳು ಮೊಮ್ಮಗಳು ರುತ್ವಿ,
ಖಂಡಾಳಾ ಘಾಟಿ ಹತ್ತುವ ಬಸ್ಸಿನಲ್ಲಿ, ಚಿಪ್ಸ್ ಮೆಲ್ಲುತ್ತ.
ನಾವು ಹೊರಟದ್ದು ಪುಣೆಗೆ, ಬಾಲೇವಾಡಿಗೆ,
ಮುಂಬಯಿ ತಂಡದ ಮನೆಪಂದ್ಯ ನೋಡಲು.
ಮುಂಬಯಿಯ ಮೈದಾನ ಏಷ್ಯಾದ ಅಳತೆಗೆ ಸಾಲದಂತೆ.
ನನಗೆ ನಗು ತಡೆಯಲಾಗಲಿಲ್ಲ.
"ಯಾಕೆ ಅಜ್ಜ?"
ಸುರಂಗ ಬಂತು, ಉತ್ತರ ಹೇಳುವುದು ತಪ್ಪಿತು.

ರಿಯಾದಿನವರು ಹುಲ್ಲಿನ ಮೇಲೆ ಇಸ್ತ್ರಿ ಹಾಕಿದ ಹಾಗೆ ಆಡಿದರು.
ನಮ್ಮವರು ಓಡಿದರು, ಬಿದ್ದರು, ಎದ್ದು ಮತ್ತೆ ಓಡಿದರು,
ಎರಡು ಗೋಲು ತಿಂದರು.
ಆದರೂ ಡೋಲು ನಿಲ್ಲಿಸಲಿಲ್ಲ ಹಿಂದಿನ ಸಾಲಿನ ಹುಡುಗರು.
ರುತ್ವಿ ಫೋನಿನಲ್ಲಿ ಕೋಷ್ಟಕ ತೆರೆದಳು, ಅದೇ ಗೆರೆಗಳು,
ಬರೀ ಸೀಮೆಸುಣ್ಣದ ಪುಡಿ ಇಲ್ಲ.
"ಆಡಿದ್ದು ನಾಲ್ಕು, ಹೊಡೆದದ್ದು ಸೊನ್ನೆ. ಮೈನಸ್ ಹದಿಮೂರು!"
"ಹದಿಮೂರು ಸಾಲ," ಅಂದೆ.

ಕೊನೆಗೆ ಒಮ್ಮೆ, ನಮ್ಮವನೊಬ್ಬ ಒದ್ದದ್ದು
ದೂರದ ಕಂಬಕ್ಕೆ ಬಡಿದು ಠಣ್ ಎಂದಿತು,
ಅಥವಾ ನನಗೆ ಹಾಗೆ ಕೇಳಿಸಿತು.
ಸ್ಟೀಲಿನ ಲೋಟ ಕಲ್ಲಿನ ಮೋರಿಗೆ ಬಿದ್ದ ಸದ್ದು.
ಅದಕ್ಕೆ ಕೋಷ್ಟಕದಲ್ಲಿ ಮನೆಯಿಲ್ಲ.
ರುತ್ವಿಗೆ ಹಸಿವು. ಕೊನೆಯ ಬಸ್ಸು ಹನ್ನೊಂದಕ್ಕೆ.