ಅರ್ಧ ಟಿಕೇಟು

ಸೇತುವೆಯ ಮೇಲೊಬ್ಬ ಹುಡುಗ, ರೊಟ್ಟಿ ಕದ್ದವನು.
ಅವನ ಕೆಳಗೆ ಮೂರು ಸಾಲು:
ಕಾವಲಿನವರಿಗೆ ಒಪ್ಪಿಸು.
ಬಿಟ್ಟುಬಿಡು.
ರೊಟ್ಟಿ ಕಸಿದುಕೊಂಡು ಬಿಟ್ಟುಬಿಡು.

ಮೂರನೆಯದನ್ನು ಒತ್ತಿದೆ.
ಪಕ್ಕದಲ್ಲಿ ಕೂತ ಚಿರಂತ ಲೊಚ್ಚೆಂದ.
ತೆರೆಯ ಎಡಮೂಲೆಯಲ್ಲಿ ಸಣ್ಣಕ್ಷರ ಮೂಡಿ ಮಾಯವಾಯಿತು:
ಓಲ್ಮಾಳಿಗೆ ಇದು ಹಿಡಿಸಲಿಲ್ಲ.

ಓಲ್ಮಾ ಬಿಲ್ಲುಗಾತಿ. ಹಣೆಯ ಮೇಲೆ ಹಳೆಯ ಸುಟ್ಟ ಕಲೆ.
ಮೊದಲ ಊರಿನಿಂದಲೂ ನನ್ನ ಬೆನ್ನಿಗೇ ಬಂದವಳು.
ಕುಂಟುವ ಕುದುರೆ ಕಂಡರೆ ನಿಲ್ಲುತ್ತಾಳೆ,
ಕಿವಿಯಲ್ಲಿ ಏನೋ ಹೇಳುತ್ತಾಳೆ.
ನಾನು ನಿಲ್ಲದೆ ನಡೆದರೆ ಓಡೋಡಿ ಬಂದು ಸೇರುತ್ತಾಳೆ,
ಏದುಸಿರಲ್ಲಿ ಒಂದು ಮಾತೂ ಆಡದೆ.

"ಬಿಟ್ಟು ಹೋಗ್ತಾಳೆ ನೋಡು ಮಾಮಾ."
"ಹೋದರೆ ಹೋಗಲಿ. ಹಿಂದಿನ ಸೇವ್‌ನಿಂದ ಶುರು ಮಾಡೋಣ."

ಡೊಂಬಿವಲಿ, ಮೂರನೇ ಮಹಡಿ, ಮೇ ತಿಂಗಳ ಸೆಕೆ.
ಅಕ್ಕ ಸುಗಂಧಿ ಆಸ್ಪತ್ರೆಯ ರಾತ್ರಿಪಾಳಿಗೆ ಹೊರಟ ಮೇಲೆ
ಉಂಡ ತಟ್ಟೆಗಳನ್ನು ಕಾಲಬುಡದಲ್ಲೇ ಒಣಗಲು ಬಿಟ್ಟು
ನಾವಿಬ್ಬರೂ ಆ ರಾಜ್ಯಕ್ಕೆ ಇಳಿಯುತ್ತಿದ್ದೆವು.
ಅಲ್ಲಿ ನನ್ನ ಹೆಸರಿನ ಕೆಳಗೊಂದು ತಕ್ಕಡಿ;
ಒಂದು ತಟ್ಟೆ ಬೆಳ್ಳಗೆ, ಇನ್ನೊಂದು ಕಪ್ಪು.
ನೋಡಿ ನಗು ಬಂತು.

ಹಗಲಿಡೀ ವಾಶಿಯ ಕಾಂದಾ ಮಾರ್ಕೆಟಿನಲ್ಲಿ
ತೂಕ ಬರೆಯುವವನು ನಾನು.
ಚೀಲಕ್ಕೆ ಅರ್ಧ ಕಿಲೋ ಯಾರ ಕಡೆ ಜಾರಬೇಕೆಂದು
ಕಾಟಾಕ್ಕಿಂತ ಮೊದಲೇ ನನ್ನ ಪೆನ್ನಿಗೆ ಗೊತ್ತು.
ಹತ್ತೊಂಬತ್ತು ವರ್ಷ.
ಮಾರ್ಕೆಟಿನ ತಗಡಿನ ಮಾಡಿನಲ್ಲಿ, ಅದರಾಚೆಯ ಆಕಾಶದಲ್ಲಿ
ಯಾವ ಮೂಲೆಯಲ್ಲೂ ಸಣ್ಣಕ್ಷರ ಮೂಡಿದ್ದಿಲ್ಲ.

ಮೊದಮೊದಲು ಹುಡುಗ ಮಣಿಕಟ್ಟು ಹಿಡಿದು ತಡೆಯುತ್ತಿದ್ದ.
"ಅದು ಆ ಮುದುಕಿಯ ಔಷಧಿ, ಮಾಮಾ."
"ಮಾರಿದರೆ ನಲವತ್ತು ಹೊನ್ನು. ಆ ಕತ್ತಿ ಬರುತ್ತೆ."
ಕತ್ತಿ ಚೆನ್ನಾಗಿತ್ತು, ನೀಲಿ ಬೆಂಕಿ ಉಗುಳುತ್ತಿತ್ತು.
ಬೀಸಲು ಅವನಿಗೂ ಕೊಟ್ಟೆ.

ಎಂಟನೇ ರಾತ್ರಿಯ ಹೊತ್ತಿಗೆ ಎಡಮೂಲೆ ಸುಮ್ಮನಾಯಿತು.
ಮೆಚ್ಚಿಗೆಯಿಲ್ಲ, ತಕರಾರಿಲ್ಲ.
ಗೆದ್ದೆ ಅಂದುಕೊಂಡೆ.
ಕಣಜದ ಮುಂದೆ ನಿಂತಿದ್ದೆ,
ಒಳಗಿನಿಂದ ಯಾರೋ ಬಾಗಿಲು ಬಡಿಯುತ್ತಿದ್ದರು,
ನಾನಿನ್ನೂ ಸಾಲುಗಳನ್ನು ಓದಿ ಮುಗಿಸಿರಲಿಲ್ಲ,
ಓಲ್ಮಾ ಪಂಜು ಹಿಡಿದು ಮುಂದೆ ಬಂದಳು.
ಕುದುರೆಯ ಕಿವಿಗೆ ಮಾತಾಡುತ್ತಿದ್ದ ಅದೇ ದನಿಯಲ್ಲಿ
"ಹಚ್ಚಲೇ?" ಎಂದಳು.

ಬೆವರಿದ ಕೈ ಒರೆಸಿಕೊಂಡು ಹುಡುಗನ ಕಡೆ ತಿರುಗಿದೆ.
ಅವನು ಉಗುರು ಕಚ್ಚುತ್ತ,
"ಹ್ಞೂಂ ಅನ್ನು, ಬೇಗ" ಎಂದ.

ಯಂತ್ರವನ್ನು ಹಾಗೇ ಆರಿಸಿದೆ. ಸೇವ್ ಮಾಡಲಿಲ್ಲ.
ನಿದ್ದೆ ಬರಲಿಲ್ಲ ಅಂತೇನಿಲ್ಲ, ಬಂತು.

ಮರುದಿನ ಅವನಿಗೆ ಮಾರ್ಕೆಟ್ ನೋಡುವ ಆಸೆ.
ಕೌಂಟರಿನಲ್ಲಿ ಅಭ್ಯಾಸದಂತೆ ಒಂದು ಅರ್ಧ ಕೇಳಿದೆ;
ಬರುವ ಆಗಸ್ಟಿಗೆ ಅವನಿಗೆ ಹದಿನಾಲ್ಕು.
ಠಾಣೆಯ ಮೇಲ್ಸೇತುವೆಯಲ್ಲಿ ಟೀಸಿ ತಡೆದ.
ನಾನು ಬಾಯಿ ತೆರೆಯುವುದರೊಳಗೆ
ಚಿರಂತ ಹೆಗಲು ಕುಗ್ಗಿಸಿ, ಮಂಡಿ ಸ್ವಲ್ಪ ಬಾಗಿಸಿ,
"ಅಕರಾ" ಎಂದ, ಹನ್ನೊಂದು,
ಚಿಗುರು ಮೀಸೆಯ ಮೇಲೆ ಬೆರಳು ಸವರಿಕೊಳ್ಳುತ್ತ.

ಟೀಸಿ ನಕ್ಕು ಬಿಟ್ಟ.
ಮೆಟ್ಟಿಲಿಳಿಯುವಾಗ ಹುಡುಗ ತಲೆಯೆತ್ತಿ
ನನ್ನ ಮುಖದಲ್ಲಿ ಏನನ್ನೋ ಹುಡುಕಿದ,
ಮೊದಲು ಕಣ್ಣಲ್ಲಿ, ಆಮೇಲೆ ತುಟಿಯ ತುದಿಯಲ್ಲಿ.
ಏನು ಕಂಡನೋ. ಎರಡೆರಡು ಮೆಟ್ಟಿಲು ಹಾರಿಕೊಂಡು ಇಳಿದ.

ವಾಶಿಯಲ್ಲಿ ಅವನನ್ನು ನನ್ನ ಕುರ್ಚಿಯಲ್ಲೇ ಕೂರಿಸಿದೆ.
ಹಮಾಲರು ಗಲ್ಲ ಚಿವುಟಿದರು, ಯಾರೋ ಚಹಾ ತಂದರು.
ಜುನ್ನರ್ ಕಡೆಯ ರೈತನೊಬ್ಬ ಗೋಣಿಗಳ ನೆರಳಲ್ಲಿ ಕುಕ್ಕರಗಾಲಲ್ಲಿ ಕೂತು
ಬಾಟಲಿಯ ನೀರನ್ನು ಟೊಪ್ಪಿಗೆಗೆ ಸುರಿದುಕೊಳ್ಳುತ್ತಿದ್ದ.
ಕಾಟಾದ ಕೆಂಪಂಕಿ ನಡುಗಿ ನಡುಗಿ ನಿಂತಿತು:
ಐವತ್ತು ಕಿಲೋ ಆರುನೂರು.

ಚಿರಂತ ಪೆನ್ನಿನ ಮುಚ್ಚಳ ತೆಗೆದ.
ರೈತನ ಕಡೆ ನೋಡಿದ, ನನ್ನ ಕಡೆ ನೋಡಿದ.
ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ, ಬಲು ಮೃದುವಾಗಿ,
"ಐವತ್ತು ಅಂತ ಬರೀಲಾ?" ಎಂದ.

ಪೆನ್ನಿಗೆಂದು ಕೈ ಚಾಚಿದೆ.
ಅವನು ತಕ್ಷಣ ಕೊಡಲಿಲ್ಲ.