ಡಬ್ಬಿಯ ತಳ

"ಅಜ್ಜಿ, ನೀನು ಸಣ್ಣವಳಿದ್ದಾಗ ಏನಾಡ್ತಿದ್ದಿ?"
ಕೇಳುತ್ತಾಳೆ ಪ್ರಣತಿ, ಶಾಲೆಯ ಹಾಳೆ ಮುಂದಿಟ್ಟು
ಪೆನ್ಸಿಲ್ ತುದಿ ಕಚ್ಚುತ್ತ.
ಹತ್ತು ಸಾಲು ಬೇಕಂತೆ. ಸೋಮವಾರ ಕೊಡಬೇಕಂತೆ.

ಏನಾಡಿದೆ?
ಹನ್ನೊಂದೂವರೆಗೆ ಅವ್ವ ಡಬ್ಬಿ ಕಟ್ಟುತ್ತಿದ್ದಳು,
ಮೂರು ರೊಟ್ಟಿ, ಬದನೆಕಾಯಿ ಪಲ್ಯ, ಮೂಲೆಗೆ ಶೇಂಗಾಪುಡಿ.
ಅಪ್ಪನದೊಂದು, ಓಣಿಯವರವು ನಾಲ್ಕು,
ಡಬ್ಬಿಗೆ ವಾರಕ್ಕೆ ನಾಲ್ಕಾಣೆ.
ಎಡಗೈಗೆ ಮೂರು, ಬಲಗೈಗೆ ಎರಡು,
ಲಂಗದ ಮಡಿಕೆಯಲ್ಲಿ ಐದು ಕಲ್ಲು.
ಮಿಲ್ಲಿನ ಸೈರನ್ ಕೂಗುವುದರೊಳಗೆ
ಓಡಬೇಕು.

ನಡುವೆ ರೈಲ್ವೆ ಗೇಟು.
ಅದು ಬಿದ್ದರೆ ನನ್ನ ಪುಣ್ಯ.
ಊಟವನ್ನೆಲ್ಲ ಬೇವಿನ ಬುಡಕ್ಕಿಟ್ಟು
ಧೂಳಲ್ಲಿ ಕೂತು ಕಲ್ಲು ಹಾರಿಸುತ್ತಿದ್ದೆ:
ಒಂದಾಟ, ಎರಡಾಟ, ಮೂರಾಟ,
ನಾಲ್ಕಕ್ಕೆ ಬರುವಷ್ಟರಲ್ಲಿ
ಕಡೇ ಡಬ್ಬಿ ದಾಟಿಬಿಡುತ್ತಿತ್ತು.
ನನ್ನ ಬಾಲ್ಯ
ಒಂದು ಗೂಡ್ಸ್ ಗಾಡಿಯಷ್ಟು ಉದ್ದ.

ಇದನ್ನು ಆ ಹಾಳೆಯಲ್ಲಿ ಹೇಗೆ ಬರೆಸಲಿ?

ಅವ್ವ ಇದ್ದಿದ್ದರೆ ನಗುತ್ತಿದ್ದಳು:
"ನಿನಗೆ ಗಾಡಿಯಾದರೂ ಇತ್ತಲ್ಲೇ ಕೊಟ್ರಬಸಿ."
ಏಳರ ವಯಸ್ಸಿಗೆ ಅವಳ ಸೊಂಟದ ಮೇಲೆ ತಮ್ಮ,
ಅವನಿಳಿದರೆ ತಂಗಿ, ತಂಗಿ ಇಳಿದರೆ ಕೊಡ.
ಸಾಯುವವರೆಗೂ ಎಡಸೊಂಟ ಚಾಚಿಯೇ ನಿಲ್ಲುತ್ತಿದ್ದಳು,
ಯಾರಿಗೋ ಇನ್ನೂ
ಜಾಗ ಹಿಡಿದಿಟ್ಟವಳಂತೆ.

ನನ್ನ ಮಗಳು ಉಮಾವತಿಗೆ ಸೈಕಲ್ ಬಂತು, ಟ್ಯೂಷನ್ ಬಂತು,
ಅಷ್ಟೊತ್ತಿಗೆ ಸೈರನ್ ನಿಂತಿತ್ತು,
ಮಿಲ್ಲಿನ ಗೋಡೆ ಸೀಳಿ ಅರಳಿಯ ಸಸಿ.
ಅವಳು ಏನಾಡಿದಳೋ ನಾನು ನೋಡಲಿಲ್ಲ.
ಆ ಹತ್ತು ವರ್ಷ ಹೊಲಿಗೆ ಮಷಿನ್ನಿನ ಮೇಲೆ ಬಗ್ಗಿದ್ದೆ.

"ಅಂದ್ರೆ ನೀನು ಡೆಲಿವರಿ ಹುಡುಗಿಯಾ ಅಜ್ಜಿ?"
ಪ್ರಣತಿಯ ಕಣ್ಣು ಇಷ್ಟಗಲ.
"ಟಿಪ್ಸ್ ಕೊಡ್ತಿದ್ರಾ?"

ಕೊಡುತ್ತಿದ್ದರು.
ಗೇಟಿನಾಚೆಯಿಂದ ಬರುತ್ತಿದ್ದ ಅಪ್ಪ,
ಹುಬ್ಬಿಗೆ, ಮೀಸೆಗೆ, ಕಿವಿಯ ಕೂದಲಿಗೂ ಹತ್ತಿಯ ನವಿರು.
ಮಧ್ಯಾಹ್ನಕ್ಕೆ ಮುದುಕ, ಸಂಜೆ ಮಿಂದ ಮೇಲೆ ಮತ್ತೆ ಹರೆಯ.
ಎಲ್ಲ ಅಪ್ಪಂದಿರೂ ದಿನಕ್ಕೊಮ್ಮೆ ಮುದುಕರಾಗುತ್ತಾರೆ
ಅಂದುಕೊಂಡಿದ್ದೆ.
ಉಂಡು, ಕೈ ತೊಳೆದು, ಡಬ್ಬಿ ಮುಚ್ಚಿ ಕೊಡುತ್ತಿದ್ದ.
"ಸಾಕಾತು" ಅನ್ನುತ್ತಿದ್ದ, ಬೇರೆಲ್ಲೋ ನೋಡುತ್ತ.
ತಿರುವಿನಲ್ಲಿ ತೆರೆದರೆ
ತಳದಲ್ಲಿ ಅರ್ಧ ರೊಟ್ಟಿ, ಒಂದು ಹೋಳು ಬದನೆಕಾಯಿ.
ದಿನವೂ ಅರ್ಧ.
ಹಬ್ಬದ ಮರುದಿನ ತಂಗಳು ಹೋಳಿಗೆಯಲ್ಲೂ ಅರ್ಧ.
ಅದು ಉಳಿದದ್ದೋ, ಉಳಿಸಿದ್ದೋ,
ಕೇಳಲಿಲ್ಲ.
ಕೇಳಿದರೆ ನಾಳೆಯಿಂದ ಖಾಲಿ ಬಂದೀತೆಂಬ ಭಯ.

ಪ್ರಣತಿ ಬರೆದುಕೊಂಡಳು:
'ನಮ್ಮ ಅಜ್ಜಿಗೆ ಅರ್ಧ ರೊಟ್ಟಿ ಟಿಪ್ಸ್ ಸಿಗುತ್ತಿತ್ತು.'
ಆರು ಸಾಲಾಯಿತು, ಇನ್ನು ನಾಲ್ಕು.
ಅಷ್ಟರಲ್ಲಿ ಕೆಳಮನೆಯ ಹುಡುಗ ಕೂಗಿದ,
ಇಬ್ಬರೂ ಲಿಫ್ಟಿನೊಳಗೆ ಮಾಯ.
ನೆಲದಿಂದ ನಾಲ್ಕನೇ ಮಹಡಿಗೆ ಏರುವುದರೊಳಗೆ
ಮುಗಿಸಬೇಕಾದ ಏನೋ ಒಂದು ಆಟ;
ಬಾಗಿಲು ತೆರೆದಾಗ ನನಗೆ ಕಾಣುವುದು
ಗೆದ್ದವರ್‍ಯಾರೋ ತಿಳಿಯದ ನಗು ಮಾತ್ರ.
ಮತ್ತೆ ಬಾಗಿಲು ಮುಚ್ಚುತ್ತದೆ.

ಅಡುಗೆಮನೆಯಲ್ಲಿ ಉಮಾ ಅವಳ ಶಾಲೆಯ ಡಬ್ಬಿ ತೆರೆದು
ಗೊಣಗುತ್ತಾಳೆ:
"ಇವತ್ತೂ ಅರ್ಧ ಚಪಾತಿ ಹಂಗೇ ಐತಿ ನೋಡವ್ವ."
ಇಲ್ಲಿ ಕೊಡು, ಅಂದೆ.
ಸಿಂಕಿನ ಪಕ್ಕ ನಿಂತೇ ತಿಂದೆ,
ತಣ್ಣಗೆ, ಜಾಮು ಮೆತ್ತಿದ್ದು.
ನನಗೆ ಸಕ್ಕರೆ ಕಾಯಿಲೆಯೆಂದು
ಮಗಳು ನೆನಪು ಮಾಡುವಷ್ಟರಲ್ಲಿ
ತಳ ಕಂಡಿತ್ತು.