ಬಾಯಿ ಬಿಡಜ್ಜಿ

ಮುದ್ದೆ ನುಂಗುವ ಸೀಮೆ ನಮ್ಮದು,
ನುಂಗುವವರಿಗೆ ಹಲ್ಲು ಯಾಕೆ ಅಂತಲೋ ಏನೋ
ಹಾಸನದ ಅರಕಲಗೂಡು ರಸ್ತೆಯ ಈ ವೃದ್ಧಾಶ್ರಮದಲ್ಲಿ
ಯಾರೂ ಯಾರ ಬಾಯನ್ನೂ ನೋಡಿರಲಿಲ್ಲ.

ರಿಜಿಸ್ಟರಿನಲ್ಲಿ ಬಿ.ಪಿ. ಇದೆ, ಶುಗರ್ ಇದೆ,
ಹೊಟ್ಟೆ ಹೋಯಿತೋ ಇಲ್ಲವೋ
ಅದಕ್ಕೂ ಒಂದು ಕಾಲಂ.

ಕೆಂಚಮ್ಮಜ್ಜಿ ನಾಲ್ಕು ದಿನ ತಟ್ಟೆ ತಳ್ಳಿದಳು.
ಕೊಣನೂರಿನ ಬ್ಯಾರನ್ನಿನಲ್ಲಿ
ಹೊಗೆಸೊಪ್ಪು ವಿಂಗಡಿಸಿ ಕಪ್ಪಿಟ್ಟ ಬೆರಳು,
ದವಡೆಯ ಸಂದಿಯಲ್ಲಿ ಐವತ್ತು ವರ್ಷದ ಕಡ್ಡಿಪುಡಿ.
'ಅನ್ನ ಬಿಟ್ಟವರು ಹೆಚ್ಚು ದಿನ ಇರಲ್ಲ' ಅಂದರು ಮೇಟ್ರನ್.
ತಂಗಿಯ ಮಗನಿಗೆ ಫೋನೂ ಹೋಯಿತು.

ರಾತ್ರಿ ಪಾಳಿ ನನ್ನದು.
ಬಾಯಿ ಬಿಡಜ್ಜಿ ಅಂದರೆ
ಗೋಣಿಚೀಲ ಹೊಲಿದ ಹಾಗೆ ತುಟಿ ಬಿಗಿದಳು.
ಅವಳೆದುರು ಕೂತು ನಾನೇ ಹಲ್ಲುಜ್ಜಿದೆ,
ನೊರೆ ಗಲ್ಲಕ್ಕಿಳಿದು
ಯೂನಿಫಾರ್ಮಿಗೆ ತೊಟ್ಟಿಕ್ಕುವ ತನಕ.
ನೋಡಿದಳು. ನಕ್ಕಳು.
ಆ ನಗುವಿನೊಳಕ್ಕೆ ಮೊಬೈಲ್ ಬೆಳಕು ಬಿಟ್ಟೆ:

ಉಳಿದದ್ದು ಒಂದೇ ಹಲ್ಲು, ಅದೂ ಮುರಿದದ್ದು,
ಕುಡುಗೋಲಿನ ಮೊನೆ.
ನಾಲಿಗೆಯ ಅಂಚಿನಲ್ಲಿ ಅದು ಕೊರೆದ ಗುಳಿ,
ಬೆಳ್ಳಗೆ.

ಹಲ್ಲಿನ ಡಾಕ್ಟರು ತಿಕ್ಕಿ ಮೊಂಡು ಮಾಡಿದ್ದು ಐದೇ ನಿಮಿಷ.
'ಹುಣ್ಣು ಹದಿನೈದು ದಿನದಲ್ಲಿ ಮಾಯದಿದ್ದರೆ
ಮತ್ತೆ ಕರೆತನ್ನಿ' ಅಂದರು.
ಆ ಮಾತನ್ನು ಮಾತ್ರ ಅಜ್ಜಿಗೆ ಹೇಳಿಲ್ಲ.

ಇವತ್ತು ಏಳನೆಯ ದಿನ.
ರಿಜಿಸ್ಟರಿನ ಅಂಚಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದು
'ಬಾಯಿ' ಅಂತ ಬರೆಯುತ್ತಿದ್ದೇನೆ,
ಸ್ಕೇಲಿಲ್ಲ, ಗೆರೆ ಸೊಟ್ಟ.
ಆಚೆ ಊಟದ ಹಾಲಿನಿಂದ ಅಜ್ಜಿಯ ಗಂಟಲು:
'ಯಾವಳೇ ಇವತ್ತು ಮುದ್ದೆ ತೊಳಸಿದ್ದು?
ಬರೀ ಗಂಟು!'